ಆರನೇ ಲೇನ್, ಮೂರನೇ ಲೇನ್

ನವೆಂಬರ್ 16, 2025, ಭಾನುವಾರ. ರಾತ್ರಿ 10.20

ಈಗ ತಾನೇ ಕೂತೆ. ವಾಷಿಂಗ್ ಮಷಿನ್ ಎರಡನೇ ಸಲ ತಿರುಗುತ್ತಿದೆ. ಮೊದಲ ಸಲ ಒಗೆದಾಗ ಚಿಕ್ಕವನ ಸಾಕ್ಸ್ ಒಳಗಿದ್ದ ಮಣ್ಣೆಲ್ಲ ದೊಡ್ಡವಳ ಟವೆಲ್‌ಗೆ ಹತ್ತಿತ್ತು. ತಪ್ಪು ನನ್ನದೇ. ಕಾರಿನ ಡಿಕ್ಕಿಯಲ್ಲಿ ಎರಡೂ ಬ್ಯಾಗು ಒಂದರ ಮೇಲೊಂದು ಬಿದ್ದಿದ್ದವು. ನೋಡದೆ ಹಾಗೇ ತಂದು ಸುರಿದೆ.

ಎರಡು ದಿನದಿಂದ ಇವತ್ತಿನ ಲೆಕ್ಕವನ್ನೇ ಹಾಕುತ್ತಿದ್ದೆವು. ದೊಡ್ಡವಳಿಗೆ ಸ್ವಿಮ್ಮಿಂಗ್ ಮೀಟ್, ಏಳಕ್ಕೆ ವಾರ್ಮಪ್. ಚಿಕ್ಕವನಿಗೆ ಹನ್ನೊಂದೂವರೆಗೆ ಫುಟ್‌ಬಾಲ್ ಮ್ಯಾಚ್. ಈಜುಕೊಳ ಒಂದು ದಿಕ್ಕು, ಮೈದಾನ ಇನ್ನೊಂದು ದಿಕ್ಕು, ನಡುವೆ ನಲವತ್ತು ನಿಮಿಷದ ದಾರಿ. ಇವರು ಕೆಲಸದ ಮೇಲೆ ಊರಿಗೆ ಹೋದವರು ಮಂಗಳವಾರದವರೆಗೂ ಬರುವುದಿಲ್ಲ. ಚಿಕ್ಕವನನ್ನು ಅವನ ಗೆಳೆಯನ ಅಮ್ಮ ಕರೆದುಕೊಂಡು ಹೋಗುವುದು, ನಾನು ದೊಡ್ಡವಳ ಜೊತೆ ಇರುವುದು ಅಂತ ಮಾತಾಗಿತ್ತು. ಶುಕ್ರವಾರವೇ ಎಲ್ಲ ಪಕ್ಕಾ ಆಗಿತ್ತು. ಅಷ್ಟು ಬೇಗ ಪಕ್ಕಾ ಆದದ್ದನ್ನು ನಂಬಬಾರದಿತ್ತು.

ಬೆಳಿಗ್ಗೆ 6.40ಕ್ಕೆ ಮೆಸೇಜ್ ಬಂತು. ಅವರ ಮಗನಿಗೆ ಜ್ವರ. ಪಾಪ, ಅವರದೇನು ತಪ್ಪಿದೆ. ಆದರೂ ಆ ಕ್ಷಣಕ್ಕೆ ಆ ಹುಡುಗನ ಮೇಲೆ ಸಣ್ಣ ಸಿಟ್ಟು ಬಂದದ್ದು ಸುಳ್ಳಲ್ಲ. ಚಿಕ್ಕವನನ್ನು ಎಬ್ಬಿಸಿ, ಅರೆನಿದ್ದೆಯಲ್ಲೇ ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟೆ. ಅವನ ಬೂಟು, ಶಿನ್ ಗಾರ್ಡ್, ನೀರಿನ ಬಾಟಲಿ ಎಲ್ಲ ಇತ್ತು. ಕಾಲಲ್ಲಿ ಮಾತ್ರ ಮನೆಯಲ್ಲಿ ಹಾಕುವ ಚಪ್ಪಲಿ. ಅದೂ ಅಕ್ಕನದು.

ಈಜು ಸ್ಪರ್ಧೆಗೆ ಒಮ್ಮೆಯೂ ಹೋಗದವರಿಗೆ ಒಂದು ಮಾತು. ಅದು ನೋಡುವ ಆಟಕ್ಕಿಂತ ಜಾಸ್ತಿ ಕಾಯುವ ಆಟ. ಒಂದು ಈವೆಂಟಿಗೆ ಏಳೋ ಎಂಟೋ ಹೀಟ್, ಅಂದರೆ ಗುಂಪು ಗುಂಪಾಗಿ ಈಜುವ ಸುತ್ತು. ನಿಧಾನದವರು ಮೊದಲು, ವೇಗದವರು ಕೊನೆಗೆ. ಒಂದು ಹೀಟಿನೊಳಗೆ ಎಲ್ಲರಿಗಿಂತ ವೇಗದವರಿಗೆ ನಾಲ್ಕನೇ ಲೇನ್, ಉಳಿದವರು ಅಲ್ಲಿಂದ ಆಚೀಚೆಗೆ. ನಮ್ಮವಳು ಇವತ್ತು 100 ಮೀಟರ್ ಬ್ಯಾಕ್‌ಸ್ಟ್ರೋಕ್ (ಅಂಗಾತ ಈಜುವುದು), ಹದಿನಾಲ್ಕನೇ ಈವೆಂಟ್, ಐದನೇ ಹೀಟ್, ಆರನೇ ಲೇನ್. ಇದನ್ನು ಅವಳ ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ನಾನು ನನ್ನ ಅಂಗೈ ಮೇಲೆ ಬರೆದುಕೊಂಡಿದ್ದೆ. ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಆಟಕ್ಕೆ ನಾಲ್ಕು ಗಂಟೆ ಕಲ್ಲಿನ ಮೆಟ್ಟಿಲ ಮೇಲೆ ಕೂರುವುದು ಅಂದರೆ ಸುಮ್ನೆ ಅಲ್ಲ. ಬೆನ್ನಿಗೆ ಗೊತ್ತು.

ಲೆಕ್ಕ ಪ್ರಕಾರ ಅವಳ ಸರದಿ 10.15ಕ್ಕೆ. ನೋಡಿ, ಕೈ ಬೀಸಿ, ಹೊರಟರೆ 11ಕ್ಕೆ ಮೈದಾನ. ಆದರೆ ಒಂಬತ್ತರ ಹೊತ್ತಿಗೆ ಟೈಮಿಂಗ್ ಯಂತ್ರ ಕೈಕೊಟ್ಟಿತು. ಗೋಡೆಗೆ ಹಾಕಿದ ಟಚ್ ಪ್ಯಾಡ್ ಒಂದನ್ನು ಎಳೆದರು, ಮತ್ತೆ ಹಾಕಿದರು, ಮತ್ತೆ ಎಳೆದರು. ಸೆಕೆಂಡಿನ ನೂರನೇ ಒಂದು ಭಾಗ ಅಳೆಯುವ ಯಂತ್ರಕ್ಕಾಗಿ ನಾವು ಐವತ್ತು ನಿಮಿಷ ಕಾದೆವು. 10.35ಕ್ಕೆ ಹನ್ನೆರಡನೇ ಈವೆಂಟೇ ನಡೆಯುತ್ತಿತ್ತು. ಚಿಕ್ಕವನು ಪಕ್ಕದಲ್ಲಿ ಶಿನ್ ಗಾರ್ಡ್ ಕಟ್ಟಿಕೊಂಡು ಕೂತಿದ್ದ. ಏನೂ ಹೇಳಲಿಲ್ಲ. ವೆಲ್‌ಕ್ರೋ ಪಟ್ಟಿ ಬಿಚ್ಚುತ್ತಿದ್ದ, ಅಂಟಿಸುತ್ತಿದ್ದ, ಬಿಚ್ಚುತ್ತಿದ್ದ. ಆ ಪರ್‌ ಪರ್‌ ಸದ್ದು ಕೇಳುತ್ತಾ ಎಷ್ಟು ಹೊತ್ತು ಕೂರುವುದು.

ಕೆಳಗೆ ಹೋಗಿ ದೊಡ್ಡವಳಿಗೆ ಹೇಳಿದೆ. ಅವಳು ಕನ್ನಡಕವನ್ನು ಹಣೆ ಮೇಲೆ ಸರಿಸಿ, "ಸರಿ ಹೋಗಮ್ಮ" ಅಂದಳು. ಅಷ್ಟೇ. ಅವಳ ಜೊತೆ ಈಜುವ ಇನ್ನೊಬ್ಬ ಹುಡುಗಿಯ ಅಪ್ಪ ವಿಡಿಯೋ ಮಾಡಿ ಕಳಿಸುತ್ತೇನೆ ಅಂದರು. ಅಂಗೈ ತೋರಿಸಿದೆ. ಹದಿನಾಲ್ಕು, ಐದು, ಆರು. ಅವರು ತಲೆಯಾಡಿಸಿದರು.

ದಾರಿಯಲ್ಲಿ ನಾನೇ ಮಾತಾಡಿದ್ದು ಜಾಸ್ತಿ. ಚಿಕ್ಕವನು ಕಿಟಕಿಯಾಚೆ ನೋಡುತ್ತಿದ್ದ. ನಡುವೆ ಒಂದೇ ಪ್ರಶ್ನೆ ಕೇಳಿದ: "ಅಮ್ಮ, ನಾನು ಆಡದೇ ಇದ್ರೂ ನಾವು ಹೋಗ್ತೀವಲ್ವಾ?"

ಈ ಪ್ರಶ್ನೆಯ ಬೇರು ಕಳೆದ ವರ್ಷದ್ದು. ಆಗ ಅವನಿಗೆ ಒಂಬತ್ತು. ಪ್ರತಿ ಮ್ಯಾಚಿನ ನಂತರ ಕುಂಟುತ್ತಿದ್ದ. ಬೂಟು ಸಣ್ಣದಾಯಿತೇನೋ ಅಂತ ದೊಡ್ಡ ಬೂಟು ತಂದೆವು. ಅದರಲ್ಲೂ ಕುಂಟಿದ. ಡಾಕ್ಟರ್ ಅವನ ಹಿಮ್ಮಡಿಯನ್ನು ಎರಡೂ ಬದಿಯಿಂದ ಬೆರಳಲ್ಲಿ ಅದುಮಿದ್ದೇ ತಡ, ಮಂಚದಿಂದ ಒಂದಡಿ ಮೇಲೆ ಹಾರಿದ. ಅದಕ್ಕೆ ಸೀವರ್ಸ್ ಅಂತ ಹೆಸರಂತೆ. ಎಂಟರಿಂದ ಹದಿನಾಲ್ಕರ ನಡುವಿನ, ಓಡಿ ಜಿಗಿಯುವ ಮಕ್ಕಳಿಗೆ ಬರುವುದು. ಆ ವಯಸ್ಸಿನಲ್ಲಿ ಹಿಮ್ಮಡಿ ಮೂಳೆ ಬೆಳೆಯುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೀನಖಂಡದಿಂದ ಇಳಿದು ಬರುವ ದಪ್ಪ ನಾರು ಅದನ್ನು ಹಿಡಿದು ಎಳೆಯುತ್ತಲೇ ಇರುತ್ತದೆ. ಬೆಳೆದು ಮೂಳೆ ಕೂಡಿಕೊಂಡ ಮೇಲೆ ತಾನೇ ಹೋಗುತ್ತದೆ, ಅಲ್ಲಿಯವರೆಗೆ ಓಟ ಕಡಿಮೆ ಮಾಡಿ ಅಂದರು. ಆಮೇಲೆ ಸುಮ್ಮನೆ ಕೇಳುವವರ ಹಾಗೆ ಕೇಳಿದರು: ವಾರಕ್ಕೆ ಎಷ್ಟು ಗಂಟೆ ಆಡುತ್ತಾನೆ?

ನಾನೂ ಇವರೂ ಅಲ್ಲೇ ಕೂತು ಬೆರಳು ಮಡಚಿ ಎಣಿಸಿದೆವು. ಪ್ರಾಕ್ಟೀಸ್, ಮ್ಯಾಚು, ಆ "ಎಕ್ಸ್‌ಟ್ರಾ ಸ್ಕಿಲ್ಸ್" ಅನ್ನುವ ಶುಕ್ರವಾರದ ಕ್ಲಾಸು. ಹನ್ನೊಂದೂವರೆ ಗಂಟೆ! ಒಂಬತ್ತು ವರ್ಷದ ಹುಡುಗನಿಗೆ.

ಮನೆಗೆ ಬಂದು ಓದಿದೆ. ಷಿಕಾಗೋದ ಲೊಯೊಲಾ ವಿಶ್ವವಿದ್ಯಾಲಯದಲ್ಲಿದ್ದ ಡಾ. ನೀರು ಜಯಂತಿ ಅವರ ತಂಡ ಸುಮಾರು 1,200 ಮಕ್ಕಳನ್ನು ಗಮನಿಸಿತ್ತು. ತಮ್ಮ ವಯಸ್ಸಿನ ಸಂಖ್ಯೆಗಿಂತ ಹೆಚ್ಚು ಗಂಟೆ ವಾರಕ್ಕೆ ಆಡುವ ಮಕ್ಕಳಿಗೆ, ಒಂದೇ ಅಂಗ ಮತ್ತೆ ಮತ್ತೆ ದುಡಿದು ಆಗುವ ದೊಡ್ಡ ಪೆಟ್ಟುಗಳು ಜಾಸ್ತಿ ಕಂಡಿದ್ದವು. ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುವ ಹೊತ್ತಿಗಿಂತ ಕೋಚ್ ಕೈಕೆಳಗಿನ ಆಟ ಎರಡು ಪಟ್ಟು ಮೀರಿದವರಿಗೂ ಹಾಗೆಯೇ. ನಮ್ಮ ಹುಡುಗ ತಾನಾಗಿ ಚೆಂಡು ಒದ್ದು ಎಷ್ಟು ದಿನವಾಯಿತು ಅಂತ ಆಗ ಯೋಚನೆ ಬಂತು. ಅವನಿಗೆ ಆಟವೂ ಟೈಮ್‌ಟೇಬಲ್ ಆಗಿಹೋಗಿತ್ತು. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಕೊಡಿ, ವರ್ಷದಲ್ಲಿ ಒಂದೊಂದು ತಿಂಗಳಿನಂತೆ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇರಿಸಿ ಅನ್ನುತ್ತದೆ. ಮೂರು ತಿಂಗಳು! ಕೋಚ್‌ಗೆ ಹೇಳಿದರೆ ನಮ್ಮನ್ನೇ ದೂರ ಇರಿಸುತ್ತಾರೆ.

ಸೋಮವಾರ, ಶುಕ್ರವಾರ ಪ್ರಾಕ್ಟೀಸ್ ಇಲ್ಲ ಅಂತ ಮಾಡಿದೆವು. ಕೋಚ್ ಮುಖ ದಪ್ಪ ಮಾಡಿಕೊಂಡರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಆದರೆ ಅವತ್ತಿನಿಂದ ಇವನು ಬೆಂಚಿನ ಹುಡುಗನಾದ. ಹಿಮ್ಮಡಿ ಸರಿಹೋಯಿತು, ಬೆಂಚು ಉಳಿಯಿತು. ನಾನು ತಪ್ಪು ಮಾಡಿದೆನಾ? ಇಲ್ಲ ಅಂತಲೇ ಅನ್ನಿಸುತ್ತದೆ. ಬೆಂಚಿನ ಮೇಲೆ ಅವನ ಸಣ್ಣ ಬೆನ್ನು ನೋಡುವಾಗ ಮಾತ್ರ ಅಷ್ಟು ಗಟ್ಟಿಯಾಗಿ ಅನ್ನಿಸುವುದಿಲ್ಲ.

ಇವರು ಇಂಥ ಹೊತ್ತಲ್ಲಿ ನಾರ್ವೆ ಪುರಾಣ ತೆಗೆಯುತ್ತಾರೆ. ಅಲ್ಲಿ 1987ರಿಂದಲೇ ಮಕ್ಕಳ ಆಟಕ್ಕೆ ಅಂತ ಬೇರೆ ನಿಯಮ ಇದೆಯಂತೆ. ಹನ್ನೊಂದು ವರ್ಷದೊಳಗಿನ ಮಕ್ಕಳ ಆಟಕ್ಕೆ ಪಾಯಿಂಟ್ಸ್ ಪಟ್ಟಿ, ರ‍್ಯಾಂಕಿಂಗ್ ಏನೂ ಹಾಕುವಂತಿಲ್ಲ. ಹಾಗೆ ಬೆಳೆದವರೇ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ತಂದರು ಅಂತ ಮುಗಿಸುತ್ತಾರೆ. ಕೇಳಲು ಚಂದ. ನಮ್ಮ ಚಿಕ್ಕವನ ಲೀಗಿನ ಪಾಯಿಂಟ್ಸ್ ಪಟ್ಟಿ ಮಾತ್ರ ಪ್ರತಿ ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಫೋನಿಗೆ ಬಂದು ಬೀಳುತ್ತದೆ. ಇವತ್ತೂ ಬಿತ್ತು. ಏಳನೇ ಸ್ಥಾನ.

ಇವತ್ತು ಅವನು ಒಂಬತ್ತು ನಿಮಿಷ ಆಡಿದ. ಸೆಕೆಂಡ್ ಹಾಫಿನ ಕೊನೆಯಲ್ಲಿ ಇಳಿಸಿದರು. ಚೆಂಡು ಅವನ ಕಾಲಿಗೆ ನಾಲ್ಕು ಸಲ ಸಿಕ್ಕಿತು, ನಾನು ಎಣಿಸಿದ್ದೆ. ಕಾರಿಗೆ ಬಂದವನೇ "ಆರು ಸಲ ಮುಟ್ಟಿದೆ" ಅಂದ. ಸರಿ, ಆರು. ಎರಡು–ಒಂದರಲ್ಲಿ ಸೋತರು. ಅವನಿಗೆ ಅದರ ಚಿಂತೆಯೇ ಇರಲಿಲ್ಲ. ಎದುರಾಳಿ ತಂಡದ ಗೋಲ್‌ಕೀಪರ್‌ನ ಗ್ಲೌಸು ಎಷ್ಟು ದೊಡ್ಡದಿತ್ತು ಅನ್ನುವುದನ್ನೇ ಮುಂದಿನ ಅರ್ಧ ಗಂಟೆ ಹೇಳಿದ.

ವಿಡಿಯೋ ಬಂದದ್ದು ಮ್ಯಾಚಿನ ನಡುವೆ. ಆಗ ನೋಡಲಿಲ್ಲ. ಅವನು ಬೆಂಚಿನಿಂದ ಆಗಾಗ ತಿರುಗಿ ನೋಡುತ್ತಿದ್ದ, ಆಗ ನನ್ನ ತಲೆ ಫೋನಿನಲ್ಲಿ ಇರುವುದು ಬೇಡ ಅನ್ನಿಸಿತು. ಮುಗಿದ ಮೇಲೆ ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡುವ ಮೊದಲು ಹಾಕಿದೆ. ಇಬ್ಬರೂ ತಲೆ ತಾಗಿಸಿಕೊಂಡು ನೋಡಿದೆವು. ಚೆನ್ನಾಗಿ ತೆಗೆದಿದ್ದರು. ಶುರುವಿನಿಂದ ಕೊನೆಯವರೆಗೆ ಒಬ್ಬಳನ್ನೇ ಹಿಡಿದು, ಕೈ ನಡುಗಿಸದೆ. ಹಿಂದೆ ಅವರದೇ ಧ್ವನಿ, ನನ್ನ ಮಗಳ ಹೆಸರು ಕೂಗುತ್ತಾ, ಕಮಾನ್ ಕಮಾನ್ ಅಂತ.

ವಿಡಿಯೋ ಅರ್ಧಕ್ಕೆ ಬಂದಾಗ ಚಿಕ್ಕವನು ಹೇಳಿದ: "ಅಮ್ಮ, ಇದು ಅಕ್ಕ ಅಲ್ಲ."

ಅಲ್ಲ. ಎಂಟು ಲೇನಿನ ಕೊಳ. ಅವರು ಎಣಿಸಿದ್ದು ಆ ಕಡೆಯಿಂದ. ಆ ಕಡೆಯಿಂದ ಎಣಿಸಿದರೆ ಆರನೆಯದು ಮೂರನೇ ಲೇನ್. ಎಲ್ಲರದೂ ಟೋಪಿ, ಎಲ್ಲರದೂ ಕನ್ನಡಕ, ನೀರಿನಲ್ಲಿ ಅಂಗಾತ ಬಿದ್ದ ಮೇಲೆ ಯಾರು ಯಾರ ಮಗಳು ಅಂತ ಹೇಗೆ ತಿಳಿಯಬೇಕು. ಇನ್ಯಾರದೋ ಮಗಳನ್ನು ನನ್ನ ಮಗಳ ಹೆಸರಿನಲ್ಲಿ ಪೂರ್ತಿ ನೂರು ಮೀಟರ್ ಹುರಿದುಂಬಿಸಿದ್ದರು. ನಗು ತಡೆಯಲಾಗಲಿಲ್ಲ. ಚಿಕ್ಕವನೂ ನಕ್ಕ. ನಕ್ಕು ಮುಗಿದ ಮೇಲೆ ನನಗೆ ಯಾಕೋ ಗಂಟಲು ಕಟ್ಟಿತು, ಕಾರು ಸ್ಟಾರ್ಟ್ ಮಾಡಿದೆ.

ಕೊಳ ತಲುಪಿದಾಗ ಎರಡಾಗಲು ಹತ್ತು ನಿಮಿಷ. ಅವಳು ಹೊರಗಿನ ಮೆಟ್ಟಿಲ ಮೇಲೆ ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದಳು. ಕಾರು ಹತ್ತಿ, ಬೆಲ್ಟ್ ಹಾಕಿಕೊಂಡು, ಆಮೇಲೆ ಹೇಳಿದಳು. 1 ನಿಮಿಷ 19.46 ಸೆಕೆಂಡ್. ಒಂದು ಇಪ್ಪತ್ತರ ಕೆಳಗೆ ಬಂದದ್ದು ಇದೇ ಮೊದಲು. ಏಳು ತಿಂಗಳಿಂದ ಅದೇ ಇಪ್ಪತ್ತೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

ಹೇಗಾಯಿತು ಅಂತ ಕೇಳಿದೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಗೋಡೆ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಇರುವಾಗ ಮೇಲೆ ಅಡ್ಡಲಾಗಿ ಕಟ್ಟಿದ ಬಾವುಟಗಳ ಸಾಲು ಕಾಣುತ್ತದೆ. ಅಲ್ಲಿಂದ ಕೈಗಳನ್ನು ಎಣಿಸಬೇಕು. "ಯಾವಾಗಲೂ ಐದು ಎಣಿಸ್ತಿದ್ದೆ. ಹೋದ ವಾರ ಪ್ರಾಕ್ಟೀಸಲ್ಲಿ ನಾಲ್ಕಕ್ಕೇ ಗೋಡೆ ತಲೆಗೆ ಬಡಿಯಿತು. ಕೈ ಉದ್ದ ಆಗಿದೆ ಅನ್ಸತ್ತೆ. ಇವತ್ತು ಮೂರು ಎಣಿಸಿ ತಿರುಗಿದೆ." ತಲೆಗೆ ಗೋಡೆ ಬಡಿದದ್ದು ನನಗೆ ಗೊತ್ತೇ ಇರಲಿಲ್ಲ. ಅವಳ ಕೈ ಉದ್ದವಾದದ್ದೂ.

ಬರಲು ಆಗಲಿಲ್ಲವಲ್ಲ ಅಂತ ಶುರು ಮಾಡಿದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವಳ ಹಾಗೆ ಅಂದಳು. "ನೀನು ಇದ್ದಾಗ ನಾನು ನೀರಿಗೆ ಇಳಿಯೋ ಮುಂಚೆ ಮೇಲೆ ನೋಡ್ತೀನಿ. ನೀನು ಕಂಬಿ ಹಿಡ್ಕೊಂಡು ನಿಂತಿರ್ತೀಯ. ನಿನ್ನ ಮುಖ ನೋಡಿದ್ರೆ ಏನೋ ದೊಡ್ಡದು ಆಗೋ ಥರ ಇರತ್ತೆ. ಇವತ್ತು ನೋಡೋಕೆ ಯಾರೂ ಇರಲಿಲ್ಲ. ಸೀದಾ ಇಳಿದೆ."

ಸಂಜೆಯವರೆಗೂ ಇದು ತಲೆಯಲ್ಲಿ ಸುತ್ತಿತು. ನೋವಾಯಿತಾ ಅಂದರೆ ಆಯಿತು, ಸುಳ್ಳು ಯಾಕೆ. ಬೆಳಗಿನ 4.45ರ ಅಲಾರಂಗಳು, ಕಾರಿನಲ್ಲೇ ಆದ ಮೀಟಿಂಗುಗಳು, ಬಿಟ್ಟುಬಿಟ್ಟ ಮದುವೆ ಮುಂಜಿಗಳು, ಎಲ್ಲ ಮಾಡಿದ್ದು ಆ ಕಂಬಿ ಹಿಡಿದು ನಿಲ್ಲುವುದಕ್ಕೆ ಅಂದುಕೊಂಡಿದ್ದೆ. ಬಚ್ಚಲಿನ ಕನ್ನಡಿ ಮುಂದೆ ನಿಂತು ಕಂಬಿ ಹಿಡಿದವಳ ಮುಖ ಮಾಡಿ ನೋಡಿದೆ. ಹುಬ್ಬು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಹೇಳಿದ್ದು ನಿಜ.

ಇತ್ತ ಚಿಕ್ಕವನು, ಕಾಲು ಸತ್ತುಹೋಗಿದೆ ಅಂತ ಸೋಫಾ ಮೇಲೆ ಬಿದ್ದವನು, ಐದಕ್ಕೆಲ್ಲ ಎದ್ದು ಹಿಂದಿನ ಗೋಡೆಗೆ ಚೆಂಡು ಒದೆಯುತ್ತಿದ್ದ. ಬರಿಗಾಲಲ್ಲಿ. ಯಾರೂ ಹೇಳಿರಲಿಲ್ಲ. ದಡ್, ದಡ್, ದಡ್. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ನಾನು ನಿಲ್ಲಿಸು ಅನ್ನಲಿಲ್ಲ.

ಊಟದ ಹೊತ್ತಿಗೆ ಇವರು ಫೋನ್ ಮಾಡಿದಾಗ ದೊಡ್ಡವಳು ತನ್ನ ಟೈಮಿಂಗ್ ಹೇಳಿದಳು, ಚಿಕ್ಕವನು ಎಂಟು ಸಲ ಚೆಂಡು ಮುಟ್ಟಿದ್ದನ್ನು ಹೇಳಿದ. ಒಂಬತ್ತಕ್ಕೆಲ್ಲ ಇಬ್ಬರೂ ಮಲಗಿದರು. ದೊಡ್ಡವಳ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅನ್ನುತ್ತಾರೆ. ನಾಳೆ ಬೆಳಗಿನ ಅಲಾರಂ ಲೆಕ್ಕದಲ್ಲಿ ಎಂಟಕ್ಕೂ ಹದಿನೈದು ನಿಮಿಷ ಸಾಲ. ನಾಳೆ ಒಂದು ದಿನ ಬಿಡು ಅಂದರೆ ಕೇಳುವುದಿಲ್ಲ, ಕೋಚ್‌ಗೆ ತಾನೇ ಟೈಮಿಂಗ್ ಹೇಳಬೇಕಂತೆ. ಮುಂದಿನ ಭಾನುವಾರ ಮತ್ತೆ ಎರಡೂ ಒಂದೇ ಹೊತ್ತಿಗೆ ಇವೆ. ಇವರು ಇರುತ್ತಾರೆ. ನಾನು ಮೈದಾನಕ್ಕೆ ಹೋಗುತ್ತೇನೆ, ನೀವು ಕೊಳಕ್ಕೆ ಹೋಗಿ ಅಂದೆ. ಮುಖದ ವಿಷಯ ಬಂದ ಮೇಲೆ ಹೇಳುತ್ತೇನೆ, ಫೋನಿನಲ್ಲಿ ಬೇಡ.

ಮಷಿನ್ ನಿಂತಿತು. ಟವೆಲ್ ಒಣಹಾಕಬೇಕು.

ಆ ವಿಡಿಯೋ ಅಳಿಸಿಲ್ಲ. ಈಗ ಇನ್ನೊಂದು ಸಲ ನೋಡಿದೆ. ಮೂರನೇ ಲೇನಿನ ಹುಡುಗಿ ಕೊನೆಯ ಹದಿನೈದು ಮೀಟರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದ್ದಾಳೆ, ಎಷ್ಟು ಚೆಂದ. ಅವಳ ಅಮ್ಮ ಅಲ್ಲಿ ಇದ್ದಳೋ, ಇನ್ನೊಂದು ಮಗುವನ್ನು ಕರೆದುಕೊಂಡು ಎಲ್ಲಿಗೋ ಓಡಿದ್ದಳೋ. ಬೆಳಿಗ್ಗೆ ಹೀಟ್ ಪಟ್ಟಿ ಹಿಡಿದು ಕೋಚ್ ಹತ್ತಿರ ಕೇಳಬೇಕು, ಅದು ಯಾರ ಮಗಳು ಅಂತ. ಸಿಕ್ಕರೆ ಕಳಿಸುತ್ತೇನೆ. ಹೆಸರು ಮಾತ್ರ ತಪ್ಪು ಕೇಳಿಸುತ್ತದೆ, ಮ್ಯೂಟ್ ಮಾಡಿ ನೋಡಿ ಅಂತ ಬರೆಯಬೇಕು.