1 ಸೆಂಟಿಮೀಟರ್‌ಗೆ 1 ಕೋಟಿ ವರ್ಷ: ಅರಿಜೋನಾ–ಯೂಟಾ ಕಲ್ಲಿನ ಪಟದ ಕೆಲಸ ಎಲ್ಲಿಗೆ ಬಂತು

ಹೊರಡುವ ಮುನ್ನ, ಫೀನಿಕ್ಸ್

ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ, ನಾವಿರುವ ಊರಿನ ಶಾಲೆಗಳಿಗೆ ಫಾಲ್ ಬ್ರೇಕ್, ಅಂದರೆ ಶರತ್ಕಾಲದ ರಜೆ. ತುಮಕೂರಿನಿಂದ ಅತ್ತೆ ಬಂದಿದ್ದಾರೆ. ಬಿಸಿಲೂ ಸ್ವಲ್ಪ ಇಳಿದಿದೆ. ಕಾರಿನಲ್ಲೇ ಯೂಟಾವರೆಗೆ ಹೋಗಿ ಬರೋಣ ಅಂತ ಆಯಿತು. ಸುಮ್ನೆ ಫೋಟೋ ಹೊಡೆದುಕೊಂಡು ಬರುವುದು ಮಗಳಿಗೆ ಇಷ್ಟವಿರಲಿಲ್ಲ. ದಾರಿಯಲ್ಲಿ ಸಿಗುವ ಕಲ್ಲಿನ ಪದರಗಳನ್ನೆಲ್ಲ ವಯಸ್ಸಿನ ಪ್ರಕಾರ ಒಂದೇ ಉದ್ದದ ಕಾಗದದ ಮೇಲೆ ಬಿಡಿಸಬೇಕು ಅಂದಳು. ಪಾರ್ಸೆಲ್ ಸುತ್ತುವ ಕಂದು ಕಾಗದದ ಒಂದು ಸುರುಳಿ ತಂದೆವು.

ಅಳತೆ ಯಾವುದು ಅನ್ನೋದಕ್ಕೇ ಒಂದು ಸಂಜೆ ಹೋಯಿತು. ಇಲ್ಲಿನ ಪುಸ್ತಕಗಳೆಲ್ಲ ಮಿಲಿಯನ್ ಲೆಕ್ಕದಲ್ಲಿವೆ. 1 ಸೆಂಟಿಮೀಟರ್‌ಗೆ 10 ಮಿಲಿಯನ್ ಅಂತ ಅವಳು ಹೇಳಿದಾಗ ಅತ್ತೆ, "ಅಂದ್ರೆ ಒಂದು ಕೋಟಿ ಅಲ್ವಾ?" ಅಂದರು. ಅಲ್ಲಿಂದ ಕೋಟಿಯೇ ನಿಂತಿತು. ಕಾಗದದ ಮೇಲಿನ ಅಂಚು ಇವತ್ತು. ಕೆಳಗೆ ಇಳಿದಂತೆ ಹಳೆಯದು.

ನಿಯಮ ಎರಡೇ. ಬಣ್ಣವನ್ನು ಆ ಜಾಗದಲ್ಲೇ, ಕಲ್ಲು ನೋಡುತ್ತಾ ಕಲಸಬೇಕು. ಮಣ್ಣು, ಮರಳು, ಕಲ್ಲು ಏನನ್ನೂ ಎತ್ತಿಕೊಂಡು ಬರುವ ಹಾಗಿಲ್ಲ. ಇದು ನ್ಯಾಷನಲ್ ಪಾರ್ಕ್‌ಗಳ ಕಾನೂನು ಕೂಡ.

ಮಿಟಿಯೋರ್ ಕ್ರೇಟರ್

ಫ್ಲಾಗ್‌ಸ್ಟಾಫ್ ದಾಟಿ ಐ–40 ಹಿಡಿದು ಪೂರ್ವಕ್ಕೆ ಹೋದರೆ ಉಲ್ಕೆ ಬಿದ್ದ ಗುಂಡಿ. ಅಗಲ ಸುಮಾರು 1.2 ಕಿಲೋಮೀಟರ್, ಆಳ 170 ಮೀಟರ್. ಕಬ್ಬಿಣದ ಉಲ್ಕೆ ಬಿದ್ದು ಸುಮಾರು 50 ಸಾವಿರ ವರ್ಷವಾಗಿದೆ. ಇದು ಜ್ವಾಲಾಮುಖಿಯ ಬಾಯಿ ಅಂತ ವಾದ ಮಾಡಿದವರೂ ಇದ್ದರು. ಉಲ್ಕೆಯದ್ದೇ ಕೆಲಸ ಅನ್ನೋದಕ್ಕೆ 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಜೊತೆಗಾರರು ಗಟ್ಟಿ ಸಾಕ್ಷ್ಯ ಕೊಟ್ಟರು.

ಪಟಕ್ಕೆ ಇಲ್ಲಿ ಏನೂ ಸೇರಲಿಲ್ಲ. ನಮ್ಮ ಅಳತೆಯಲ್ಲಿ 50 ಸಾವಿರ ವರ್ಷ ಅಂದರೆ 0.05 ಮಿಲಿಮೀಟರ್. ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಪದರಗಳನ್ನಾದರೂ ನೋಡಿ ಬರೆಯೋಣ ಅಂದರೆ, ಗುಂಡಿಯ ಅಂಚಿನಲ್ಲಿ ಅವು ತಲೆಕೆಳಗಾಗಿವೆ. ಏಟಿಗೆ ನೆಲ ಸಿಡಿದು ಮಗುಚಿಕೊಂಡಿದೆ, ಹಳೆಯ ಕಲ್ಲು ಹೊಸದರ ಮೇಲೆ ಕೂತಿದೆ. ಮಗಳು ಕಾಗದದ ಅಂಚಿನಲ್ಲಿ ತಲೆಕೆಳಗಾದ ಒಂದು ಬಾಣ ಬರೆದು ಕಾರು ಹತ್ತಿದಳು.

ಪೆಟ್ರಿಫೈಡ್ ಫಾರೆಸ್ಟ್

ಮೊದಲ ಬಣ್ಣ ಬಿದ್ದಿದ್ದು ಇಲ್ಲಿ, 22ನೇ ಸೆಂಟಿಮೀಟರ್ ಹತ್ತಿರ. 22 ಕೋಟಿ ವರ್ಷಗಳ ಹಿಂದೆ ಇಲ್ಲಿ ನದಿಗಳಿದ್ದವು. ಮರಗಳು ಬಿದ್ದು ನದಿಯ ಕೆಸರಲ್ಲೂ ಜ್ವಾಲಾಮುಖಿಯ ಬೂದಿಯಲ್ಲೂ ಹೂತುಹೋದವು. ಬೂದಿಯ ಸಿಲಿಕಾ ನೀರಲ್ಲಿ ಕರಗಿ ಮರದೊಳಗೆ ಇಳಿದು, ನಿಧಾನವಾಗಿ ಮರ ಹೋಗಿ ಕಲ್ಲು ಉಳಿಯಿತು. ತೊಗಟೆಯ ಗೆರೆ ಕೂಡ ಹಾಗೇ ಇದೆ. ಒಳಗೆ ಕೆಂಪು, ಹಳದಿ, ನೇರಳೆ: ಕಬ್ಬಿಣ, ಮ್ಯಾಂಗನೀಸ್‌ಗಳ ಬಣ್ಣ.

ದಿಮ್ಮಿಗಳು ಗರಗಸದಲ್ಲಿ ಕೊಯ್ದ ಹಾಗೆ ತುಂಡಾಗಿ ಬಿದ್ದಿವೆ. "ಇಷ್ಟು ಅಚ್ಚುಕಟ್ಟಾಗಿ ಯಾರು ಕೊಯ್ದಿಟ್ಟರು ಕಣಮ್ಮ?" ಅಂತ ಅತ್ತೆ ಕೇಳಿದರು. ಯಾರೂ ಕೊಯ್ದಿಲ್ಲ. ದಿಮ್ಮಿ ಈಗ ಹೆಚ್ಚುಕಮ್ಮಿ ಪೂರ್ತಿ ಸ್ಫಟಿಕ ಶಿಲೆ. ನೆಲ ಏಳುವಾಗ ಬಾಗಲಾರದೆ ಅಡ್ಡಕ್ಕೆ ಮುರಿದಿದೆ.

ದಕ್ಷಿಣದ ಬಾಗಿಲ ಹತ್ತಿರದ ಮ್ಯೂಸಿಯಂನಲ್ಲಿ ಕಾಗದಗಳನ್ನು ಇಟ್ಟಿದ್ದಾರೆ. ಕಲ್ಲು ಕದ್ದುಕೊಂಡು ಹೋದವರು, ಆಮೇಲೆ ಒಳ್ಳೇದಾಗಲಿಲ್ಲ ಅಂತ ಕಲ್ಲಿನ ಜೊತೆ ವಾಪಸ್ ಕಳಿಸಿದ ಪತ್ರಗಳು. ಅತ್ತೆ ಪ್ರತಿಯೊಂದನ್ನೂ ಓದಿಸಿ ಕೇಳಿದರು. ನಮ್ಮ ಎರಡನೇ ನಿಯಮದ ಬಗ್ಗೆ ಆಮೇಲೆ ಯಾರಿಗೂ ನೆನಪಿಸಬೇಕಾಗಲಿಲ್ಲ.

ಗ್ರಾಂಡ್ ಕ್ಯಾನಿಯನ್, ಸೌತ್ ರಿಮ್

ಜಾಸ್ತಿ ಹೊತ್ತು ಕೂತಿದ್ದು ಇಲ್ಲೇ. ಕಣಿವೆಯ ಉದ್ದ 446 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರ್ ಮೀರಿದ್ದು, ಇದೆಲ್ಲ ಗೊತ್ತಿರುವುದೇ. ಪಟದ ಕೆಲಸಕ್ಕೆ ಬೇಕಾಗಿದ್ದು ಟ್ರೇಲ್ ಆಫ್ ಟೈಮ್ ಅನ್ನುವ ಕಾಲುದಾರಿ. ಯಾವಪೈ ಜಿಯಾಲಜಿ ಮ್ಯೂಸಿಯಂನಿಂದ ಗ್ರಾಂಡ್ ಕ್ಯಾನಿಯನ್ ವಿಲೇಜ್ ಕಡೆಗೆ ನಡೆದರೆ, ಪ್ರತಿ ಮೀಟರ್‌ಗೂ ಒಂದು ಕಂಚಿನ ಗುರುತು. ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ನಮ್ಮ ಪಟ ಅದರ ಸರಿಯಾಗಿ ಸಾವಿರದಲ್ಲಿ ಒಂದು ಪಾಲು! ಇದನ್ನು ಲೆಕ್ಕ ಹಾಕಿದ್ದು ನಮ್ಮನೆಯವರು. ಮಗಳು ಮಾತ್ರ ತನಗೆ ಮೊದಲೇ ಗೊತ್ತಿತ್ತು ಅನ್ನೋ ಮುಖ ಮಾಡಿದಳು.

ಆಯಾ ಕಲ್ಲಿನ ವಯಸ್ಸಿನ ಜಾಗದಲ್ಲಿ ಅದರ ನಿಜವಾದ ತುಂಡನ್ನೇ ನಿಲ್ಲಿಸಿದ್ದಾರೆ, ಮುಟ್ಟಬಹುದು. ಕಣಿವೆಯ ಅಂಚಿನ ಕೈಬಾಬ್ ಸುಣ್ಣಕಲ್ಲು 27 ಕೋಟಿ. ಅದರ ಕೆಳಗೆ ಬಿಳಿಚಿದ ಪಟ್ಟಿಯಂತೆ ಕಾಣುವುದು ಕೊಕೊನೀನೊ, ಹಳೆಯ ಮರಳುಗಾಡಿನ ದಿಬ್ಬಗಳು. ರೆಡ್‌ವಾಲ್ 34 ಕೋಟಿ. ಅತ್ತೆ ರೆಡ್‌ವಾಲ್‌ವರೆಗೆ ನಡೆದು, ಬೆಂಚಿನಲ್ಲಿ ಕೂತು, "34 ಕೋಟಿ ಸಾಕು, ನೀವು ಹೋಗಿ ಬನ್ನಿ" ಅಂದರು.

ರೆಡ್‌ವಾಲ್‌ಗೆ ಯಾವ ಬಣ್ಣ? ಹೆಸರು ಕೆಂಪು ಗೋಡೆ, ಕಾಣುವುದೂ ಕೆಂಪು. ಆದರೆ ಕಲ್ಲು ಬೂದು ಬಣ್ಣದ್ದು. ಮೇಲಿನ ಪದರಗಳ ಕಬ್ಬಿಣ ಮಳೆನೀರಲ್ಲಿ ಇಳಿದು ಗೋಡೆಗೆ ಕೆಂಪು ಬಳಿದಿದೆ. ಕೊನೆಗೆ ಬೂದು ಬಳಿದು, ಮೇಲಿನಿಂದ ಕೆಂಪು ಸುರಿದ ಹಾಗೆ ಗೆರೆ ಎಳೆದಳು. ಇಡೀ ಪಟದಲ್ಲಿ ನನಗೆ ಇಷ್ಟವಾದ ಭಾಗ ಇದು.

ಆಮೇಲೆ ದೊಡ್ಡ ತೊಂದರೆ ಶುರುವಾಯಿತು. ಟೇಪೀಟ್ಸ್ ಅನ್ನುವ ಮರಳುಗಲ್ಲು ಸುಮಾರು 51 ಕೋಟಿ ವರ್ಷದ್ದು. ಬಹಳ ಕಡೆ ಅದರ ಕೆಳಗೆ ನೇರವಾಗಿ ವಿಷ್ಣು ಶಿಸ್ಟ್ ಅನ್ನುವ ಕಲ್ಲು, 175 ಕೋಟಿ. ಕಣಿವೆಯಲ್ಲಿ ಎರಡೂ ಅಂಟಿಕೊಂಡೇ ಇವೆ. ನಮ್ಮ ಕಾಗದದಲ್ಲಿ ಮಧ್ಯೆ 1 ಮೀಟರ್ 20 ಸೆಂಟಿಮೀಟರ್ ಮೀರಿ ಖಾಲಿ. ಬಣ್ಣ ಬಳಿದ ಭಾಗಕ್ಕಿಂತ ಖಾಲಿ ಭಾಗವೇ ಎಷ್ಟೋ ಜಾಸ್ತಿ. ಆ ಕಾಲದ ಕಲ್ಲು ಸವೆದು ಕೊಚ್ಚಿಹೋದ ಮೇಲೆ ಸಮುದ್ರ ಬಂದು ಟೇಪೀಟ್ಸ್‌ನ ಮರಳು ಹಾಸಿತು.

"ಇಷ್ಟು ಜಾಗ ಬೋಳಾಗಿ ಬಿಟ್ಟರೆ ಹೇಗೆ? ಒಂದು ಎಳೆ ರಂಗೋಲಿ ಬಿಡಲಾ?" ಅಂದರು ಅತ್ತೆ.

"ಅಜ್ಜೀ, ಬೇಡ. ಅಲ್ಲಿ ಏನೂ ಇಲ್ಲ ಅಂತ ತೋರಿಸೋದೇ ಚಿತ್ರ."

ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಆದರೆ ವಿಷ್ಣುವಿನ ಹೆಸರು ಕೇಳಿ ಸಮಾಧಾನವಾಯಿತು. 1880ರ ಆಸುಪಾಸಿನಲ್ಲಿ ಇಲ್ಲಿ ಅಧ್ಯಯನ ಮಾಡಿದ ಕ್ಲಾರೆನ್ಸ್ ಡಟ್ಟನ್, ಕಣಿವೆಯೊಳಗಿನ ಶಿಖರಗಳಿಗೆ ವಿಷ್ಣು ದೇಗುಲ, ಶಿವ ದೇಗುಲ ಅಂತೆಲ್ಲ ಹೆಸರಿಟ್ಟ. ಬ್ರಹ್ಮ, ರಾಮ, ಕೃಷ್ಣರೂ ಇದ್ದಾರೆ. ಮ್ಯಾಪ್ ಹಿಡಿದು ಒಂದೊಂದನ್ನೂ ತೋರಿಸಿ ಅಂತ ಅತ್ತೆ ಹಟ ಹಿಡಿದರು.

ಪೂರ್ವದ ತುದಿಯ ಲಿಪಾನ್ ಪಾಯಿಂಟ್‌ನಲ್ಲಿ ಖಾಲಿ ಜಾಗ ಸ್ವಲ್ಪ ತುಂಬಿತು. ಅಲ್ಲಿಂದ ಕೆಳಗೆ ನೋಡಿದರೆ ಓರೆಯಾಗಿ ವಾಲಿದ ಪದರಗಳು ಕಾಣುತ್ತವೆ. ಅವು 125ರಿಂದ 73 ಕೋಟಿ ವರ್ಷದ ನಡುವಿನವು. ಸವೆತದಿಂದ ಅಲ್ಲಲ್ಲಿ ಉಳಿದುಕೊಂಡ ತುಂಡುಗಳು. ಅದನ್ನು ಓರೆ ಗೆರೆಗಳಲ್ಲೇ ಬಿಡಿಸಿದಳು. ಆ ತುಂಡುಗಳ ನಡುವೆಯೂ ಅಂತರವಿದೆ, ಹಾಗಾಗಿ ಬಣ್ಣ ತೆಳು. ಗಾಳಿಗೆ ಕಾಗದ ಹಾರದಂತೆ ಕಾರಿನ ಬಾನೆಟ್ ಮೇಲೆ ನಾವು ಮೂವರೂ ಒತ್ತಿ ಹಿಡಿದಿದ್ದೆವು.

ನವಾಹೊ ಬ್ರಿಡ್ಜ್, ಪೇಜ್

ಮಾರ್ಬಲ್ ಕ್ಯಾನಿಯನ್‌ನ ಈ ಸೇತುವೆ ಕೊಲರಾಡೊ ನದಿಯಿಂದ ಸುಮಾರು 142 ಮೀಟರ್ ಎತ್ತರ. 1929ರ ಹಳೆಯದು ಈಗ ನಡೆಯುವವರಿಗೆ ಮಾತ್ರ. ಕಾಲ ಕೆಳಗಿನ ಕಲ್ಲು ಮತ್ತೆ ಅದೇ ಕೈಬಾಬ್. ಸೌತ್ ರಿಮ್‌ನಲ್ಲಿ ಅದು 7,000 ಅಡಿ ಎತ್ತರದಲ್ಲಿತ್ತು, ಇಲ್ಲಿ ಅದರ ಅರ್ಧದಲ್ಲಿದೆ. ಹತ್ತಿರದ ಲೀಸ್ ಫೆರಿಯಲ್ಲಿ ನದಿಯ ಮಟ್ಟಕ್ಕೇ ಇಳಿದುಬಿಡುತ್ತದೆ. ಬೇರೆ ಬೇರೆ ಊರು ನೋಡುತ್ತಿದ್ದೇವೆ ಅಂದುಕೊಂಡಿದ್ದೆ. ಒಂದೇ ಹಾಸು ಏರುತ್ತ ಇಳಿಯುತ್ತ ಬಂದಿದೆ ಅಂತ ನನಗೆ ತಲೆಗೆ ಹೋದದ್ದು ಇಲ್ಲಿ. ಸೇತುವೆಯ ಕಬ್ಬಿಣದ ಮೇಲೆ ಎರಡು ಕಾಂಡೊರ್ ರಣಹದ್ದು, ರೆಕ್ಕೆಗೆ ನಂಬರ್ ಚೀಟಿ. ಹೊಸ ಬಣ್ಣ ಇಲ್ಲ, 27ರ ಪಕ್ಕ ಒಂದು ಟಿಕ್ ಅಷ್ಟೇ.

ಪೇಜ್‌ನಲ್ಲಿ ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್, ಮರಳುಗಲ್ಲಿನ ಇಕ್ಕಟ್ಟು ಕಣಿವೆ ಆಂಟಿಲೋಪ್ ಕ್ಯಾನಿಯನ್. ಫೋಟೋ ಎಲ್ಲರೂ ನೋಡಿರುತ್ತೀರಿ, ನಾನು ವರ್ಣಿಸುವುದಿಲ್ಲ. ಹೋಗುವವರಿಗೆ ಒಂದೇ ಮಾತು: ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ಅರಿಜೋನಾದಲ್ಲಿ ಇಲ್ಲ, ಅದರೊಳಗಿನ ಆದಿವಾಸಿ ಪ್ರದೇಶವಾದ ನವಾಹೊ ನೇಷನ್‌ನಲ್ಲಿ ಇದೆ. ಮೊಬೈಲ್ ಯಾವ ಟವರ್ ಹಿಡಿಯುತ್ತದೋ ಆ ಗಂಟೆ ತೋರಿಸುತ್ತದೆ. ಟೂರ್ ಟಿಕೆಟ್ ಯಾವ ಗಂಟೆಯದ್ದು ಅಂತ ಮೊದಲೇ ಕೇಳಿಕೊಳ್ಳಿ, ಕೈಗಡಿಯಾರ ಕಟ್ಟಿಕೊಳ್ಳಿ.

ಜಯಾನ್

ಆಂಟಿಲೋಪ್‌ನ ಕಲ್ಲೇ ಯೂಟಾದ ಈ ನ್ಯಾಷನಲ್ ಪಾರ್ಕ್‌ನಲ್ಲಿಯೂ: ನವಾಹೊ ಮರಳುಗಲ್ಲು. ಪೂರ್ವದ ಬಾಗಿಲಿನಿಂದ ಒಳಗೆ ಹೋದರೆ ಚೆಕರ್‌ಬೋರ್ಡ್ ಮೆಸಾ ಅನ್ನುವ ಗುಡ್ಡ, ಆಮೇಲೆ 1930ರಲ್ಲಿ ತೆರೆದ, ಒಂದು ಮೈಲಿಗೂ ಉದ್ದದ ಸುರಂಗ. ಹೊರಗೆ ಬಂದಾಗ ಎರಡೂ ಕಡೆ ನೂರಾರು ಮೀಟರ್ ಗೋಡೆ. ಗೋಡೆಯಲ್ಲಿ ಓರೆಯಾಗಿ ಹಾದ ಗೆರೆಗಳು ಆಗಿನ ಮರಳುದಿಬ್ಬಗಳ ಇಳಿಜಾರು.

ಇಷ್ಟು ದೊಡ್ಡ ಗೋಡೆಗೆ ನಮ್ಮ ಪಟದಲ್ಲಿ ಸಿಕ್ಕಿದ್ದು 18–19ರ ಹತ್ತಿರ ಸುಮಾರು ಒಂದು ಸೆಂಟಿಮೀಟರ್. ಮಗಳಿಗೆ ಸಿಟ್ಟು ಬಂತು. "ನಮ್ಮದು ಕಾಲದ ಅಳತೆ, ದಪ್ಪದ್ದಲ್ಲ" ಅಂತ ಇವರು ಸಮಾಧಾನ ಮಾಡಿದರು. ಕೊನೆಗೆ ಬಲಗಡೆ ಇನ್ನೊಂದು ಅಂಕಣ ಎಳೆದು, ಪ್ರತಿ ಪದರದ ನಿಜವಾದ ದಪ್ಪವನ್ನು ಮೀಟರ್‌ನಲ್ಲಿ ಬರೆಯೋದು ಅಂತ ಆಯಿತು.

ಬ್ರೈಸ್ ಕ್ಯಾನಿಯನ್

8,000 ಅಡಿ ಮೇಲೆ. ಬೆಳಿಗ್ಗೆ ನೀರು ಗಡ್ಡೆ ಕಟ್ಟಿತ್ತು. ಅತ್ತೆ ಮಂಕಿ ಕ್ಯಾಪ್, ಶಾಲು, ಇವರ ಜಾಕೆಟ್ ಎಲ್ಲವನ್ನೂ ಹಾಕಿಕೊಂಡು ಸನ್‌ರೈಸ್ ಪಾಯಿಂಟ್‌ಗೆ ಬಂದರು. ಇಲ್ಲಿನ ಕಲ್ಲು ನಮ್ಮ ಪಟದಲ್ಲಿ ಎಲ್ಲಕ್ಕಿಂತ ಹೊಸದು, ಸುಮಾರು 5ನೇ ಸೆಂಟಿಮೀಟರ್. ಹಳೆಯ ಕೆರೆಗಳ ತಳದ ಹೂಳು. ಆ ಕಂಬಗಳನ್ನು ಹೂಡೂ ಅನ್ನುತ್ತಾರೆ. ಅವನ್ನು ಕೊರೆಯುತ್ತಿರುವುದು ಮುಖ್ಯವಾಗಿ ಮಂಜುಗಡ್ಡೆ. ವರ್ಷಕ್ಕೆ 170ಕ್ಕೂ ಹೆಚ್ಚು ದಿನ, ಬಿರುಕಿನ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಕಿತ್ತಳೆ ಬಣ್ಣ ಮುಗಿದೇ ಹೋಯಿತು. ಕೆಂಪಿಗೆ ಹಳದಿ ಸೇರಿಸಿ ಸಾಗಿಸಿದಳು.

ದಕ್ಷಿಣದ ಕೊನೆಯ ಯೋವಿಂಪಾ ಪಾಯಿಂಟ್‌ನಿಂದ ನಾವು ಬಂದ ದಿಕ್ಕೆಲ್ಲ ಕಾಣುತ್ತದೆ. ಗುಲಾಬಿ ಬಂಡೆ, ಅದರ ಕೆಳಗೆ ಬೂದು, ಬಿಳಿ, ಕೆಂಪು, ದೂರದಲ್ಲಿ ಕೈಬಾಬ್ ಪ್ರಸ್ಥಭೂಮಿ. ಬ್ರೈಸ್‌ನ ತಳದ ಕಲ್ಲು ಜಯಾನ್‌ನ ತಲೆ, ಜಯಾನ್‌ನ ತಳ ಗ್ರಾಂಡ್ ಕ್ಯಾನಿಯನ್‌ನ ತಲೆ. ಟಿಕೆಟ್ ಬೇರೆ ಬೇರೆ, ಕಲ್ಲಿನ ಅಟ್ಟಿ ಒಂದೇ. ಮಗಳು ರೇಲಿಂಗ್ ಪಕ್ಕ ಪಟ ಬಿಚ್ಚಿ ಹಿಡಿದಾಗ, ಅಲ್ಲಿದ್ದ ಯಾರೋ ದಂಪತಿ ಬಂದು ಅವಳಿಂದಲೇ ಪಾಠ ಹೇಳಿಸಿಕೊಂಡು ಹೋದರು.

ಸದ್ಯಕ್ಕೆ

ಆಗಿರುವುದು: 5, 18–19, 22, 27ರಿಂದ 51, ತೆಳುವಾಗಿ 73–125, ಆಮೇಲೆ 175. ಬಾಕಿ: ಬೂದು ಬಂಡೆಗಳನ್ನು ದೂರದಿಂದ ಮಾತ್ರ ನೋಡಿದ್ದು, ನಿಯಮದ ಪ್ರಕಾರ ಬಣ್ಣ ಬಳಿಯುವ ಹಾಗಿಲ್ಲ. ದಪ್ಪದ ಅಂಕಣವೂ ಅರ್ಧ ಆಗಿದೆ.

ವಾಪಸ್ ಬರುವಾಗ ಅತ್ತೆ, "ನಮ್ಮ ಲಾಲ್‌ಬಾಗ್ ಬಂಡೆ ಇದರಲ್ಲಿ ಎಲ್ಲಿ ಬರುತ್ತೆ?" ಅಂದರು. ಅದು ಸುಮಾರು 300 ಕೋಟಿ ವರ್ಷದ್ದು. ವಿಷ್ಣು ಶಿಸ್ಟ್‌ಗಿಂತ ಇನ್ನೂ 1 ಮೀಟರ್ 25 ಸೆಂಟಿಮೀಟರ್ ಕೆಳಗೆ. ಮನೆಯ ಸೀಲಿಂಗ್ 8 ಅಡಿ, ಅಂದರೆ 244 ಸೆಂಟಿಮೀಟರ್. ಮೇಲಿನಿಂದ ಪಟ ಇಳಿಬಿಟ್ಟರೆ ಲಾಲ್‌ಬಾಗ್ ನೆಲದ ಮೇಲೆ ಬಂದು, ಸೋಫಾ ಕೆಳಗೆ ಹೋಗುತ್ತದೆ. ಸೋಫಾ ಸರಿಸೋದಾ, ಬೇಡವಾ ಅನ್ನೋ ಚರ್ಚೆ ನಡೆಯುತ್ತಿದೆ. ಕಾಗದವಂತೂ ತಂದಾಗಿದೆ.