ಔಷಧಿ ಹೊಡೆಯೋ ಮೊದಲು ಗಿಡದ ಬುಡ ನೋಡಿ

ಎಲೆಯಲ್ಲಿ ತೂತು ಕಂಡ ಕೂಡಲೇ ನರ್ಸರಿಗೆ ಓಡಿ "ಏನಾದ್ರೂ ಔಷಧಿ ಕೊಡಿ" ಅನ್ನುವವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅಂಗಡಿಯವರು ಕೊಟ್ಟೇ ಕೊಡುತ್ತಾರೆ. ಆದರೆ ತಿಂದವರು ಯಾರು ಅಂತಲೇ ಗೊತ್ತಿಲ್ಲದೆ ಹೊಡೆದರೆ ದುಡ್ಡೂ ದಂಡ, ಹೂವಿಗೆ ಬರುವ ಜೇನಿಗೂ ಕುತ್ತು.

ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ ಗೋಳು ಕರಿಬೇವಿನದ್ದು. ಕುಂಡದ ಪುಟ್ಟ ಗಿಡ ನೋಡನೋಡುತ್ತಾ ಬೋಳಾಗುತ್ತದೆ. ಚಿಗುರನ್ನು ಹತ್ತಿರದಿಂದ ನೋಡಿ. ಹಕ್ಕಿ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದ್ದು ಏನೋ ಎಲೆಗೆ ಅಂಟಿಕೊಂಡಿದ್ದರೆ ಅದೇ ಹುಳ, ನಿಂಬೆ ಚಿಟ್ಟೆಯದೋ ಕಾಮನ್ ಮಾರ್ಮನ್ ಚಿಟ್ಟೆಯದೋ ಮರಿ. ದೊಡ್ಡದಾದ ಮೇಲೆ ಎಲೆಯ ಹಸಿರಿಗೇ ತಿರುಗುತ್ತದೆ, ಆಗ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ, ಅಷ್ಟೇ. ಕಚ್ಚುವುದಿಲ್ಲ, ಮೈ ತುರಿಸುವುದೂ ಇಲ್ಲ. ಎಲೆ ಸಮೇತ ಕಿತ್ತು ಹತ್ತಿರದ ದೊಡ್ಡ ನಿಂಬೆ ಮರಕ್ಕೋ ಕರಿಬೇವಿನ ಮರಕ್ಕೋ ಬಿಟ್ಟು ಬಂದರೆ ಆಯಿತು. ನಾಳೆ ಒಗ್ಗರಣೆಗೆ ಹಾಕುವ ಎಲೆಗೆ ಇವತ್ತು ವಿಷ ಹೊಡೆಯುವುದು ಯಾವ ಬುದ್ಧಿವಂತಿಕೆ ಹೇಳಿ!

ಕಿತ್ತು ಮುಗಿಯದಷ್ಟು ಹುಳ ಇದ್ದರೆ ಬೇವಿನೆಣ್ಣೆ ಇದೆ. 1 ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಜೊತೆಗೆ ನಾಲ್ಕೈದು ಹನಿ ಸೋಪಿನ ನೀರು. ಸೋಪಿಲ್ಲದಿದ್ದರೆ ಎಣ್ಣೆ ಮೇಲೆಯೇ ತೇಲುತ್ತದೆ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ, ಯಾಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ. ಮಳೆ ಬಂದರೆ ತೊಳೆದೂ ಹೋಗುತ್ತದೆ. ಹೊಡೆದ ತಕ್ಷಣ ಹುಳ ಸಾಯಲಿಲ್ಲ ಅಂತ ಬೈಯಬೇಡಿ. ಅದು ಮೊದಲು ತಿನ್ನುವುದನ್ನು ಬಿಡುತ್ತದೆ, ಆಮೇಲೆ ಪೊರೆ ಕಳಚಲಾಗದೆ ಸೊರಗುತ್ತದೆ.

ನಂದಿಬಟ್ಟಲು, ಕಣಗಿಲೆಯ ಕಥೆ ಬೇರೆ. ಗಿಡದ ಬುಡದಲ್ಲಿ ಮೆಣಸಿನ ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಅಲ್ಲಿಂದ ನೇರ ಮೇಲಕ್ಕೆ ನೋಡಿ. ಬೆರಳು ಗಾತ್ರದ ಹಸಿರು ಹುಳ, ಬಾಲದಲ್ಲಿ ಪುಟ್ಟ ಕೊಂಬು, ತಲೆಯ ಹತ್ತಿರ ಎರಡು ನೀಲಿ ಕಣ್ಣು. ಅವು ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಚುಕ್ಕೆ. ಮೊದಲ ಸಲ ನೋಡಿದವರು ಹಾವಿನ ಮರಿ ಅಂತ ಚೀರುವುದುಂಟು. ದನ ತಿಂದರೆ ಸಾಯುವ ಕಣಗಿಲೆ ಎಲೆಯನ್ನು ಇದು ಆರಾಮಾಗಿ ಮೇಯುತ್ತದೆ, ಮುಂದೆ ಚೆಂದದ ಹಸಿರು ಪತಂಗವಾಗುತ್ತದೆ. ನಾನಂತೂ ಇದನ್ನು ಮುಟ್ಟಲು ಹೋಗುವುದಿಲ್ಲ. ದೊಡ್ಡ ಗಿಡವಾದರೆ ಮತ್ತೆ ಚಿಗುರುತ್ತದೆ. ಅಲ್ಲಿಯವರೆಗೆ ಪೂಜೆಗೆ ಹೂವು ಕಡಿಮೆ ಅಂತ ಅಮ್ಮನ ಗೊಣಗಾಟ ಇದ್ದದ್ದೇ.

ದಯೆ ಬೇಡವೇ ಬೇಡ ಅನ್ನುವುದು ಆಫ್ರಿಕಾದ ದೈತ್ಯ ಬಸವನಹುಳುವಿಗೆ. ಎಲೆ ಅಂಚಿನಿಂದ ಒರಟಾಗಿ ಹರಿದಿದ್ದು, ಬೆಳಗ್ಗೆ ಗೋಡೆಯ ಮೇಲೆ ಹೊಳೆಯುವ ಲೋಳೆ ಗೆರೆ ಕಂಡರೆ ಅದೇ. ಮಳೆಗಾಲದಲ್ಲಿ ರಾತ್ರಿ ಹೊರಬಂದು ದಾಸವಾಳ, ಪಪ್ಪಾಯ ಏನು ಸಿಕ್ಕರೂ ತಿನ್ನುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಡಿ, ಬೆಳಗ್ಗೆ ಎಲ್ಲ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಹಿಡಿಯಬೇಡಿ, ಮನುಷ್ಯರಿಗೂ ಹರಡುವ ಪರಾವಲಂಬಿ ಹುಳು ಅದರ ಮೈಯಲ್ಲಿರಬಹುದು. ಗ್ಲೌಸ್ ಹಾಕಿ ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿಗೇ ಸುರಿದರೆ ಗಿಡವೂ ಹೋಗುತ್ತದೆ. ಕುಂಡದ ಮಣ್ಣು ಬದಲಿಸುವಾಗ ತಿಳಿಹಳದಿ ಮೊಟ್ಟೆಗಳ ರಾಶಿ ಸಿಕ್ಕರೆ ಅದನ್ನೂ ಅದೇ ಬಕೆಟ್ಟಿಗೆ ಹಾಕಿ, ಒಂದು ಸಲಕ್ಕೆ 100ಕ್ಕಿಂತ ಜಾಸ್ತಿ ಇಡುತ್ತದೆ.