ಯಾರು ನೋಡಿಕೊಳ್ಳುತ್ತಾರಪ್ಪ?

ಭಾನುವಾರ ನಮ್ಮೂರ ವಾಚನಾಲಯದ ಸಮಿತಿ ಸಭೆಯಲ್ಲಿ ಗ್ರಂಥಪಾಲಕಿ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ನೀನು ಕೆಲಸ ಬದಲಿಸಿ ಬೇರೆ ಊರಿಗೆ ಹೋದರೆ ಇದನ್ನು ಯಾರು ನೋಡಿಕೊಳ್ಳುತ್ತಾರಪ್ಪ?"

ಪುಸ್ತಕಗಳ ಎರವಲಿಗೆ ತಾನೇ ತಂತ್ರಾಂಶ ಬರೆದುಕೊಡುತ್ತೇನೆಂದು ಮುಂದೆ ಬಂದಿದ್ದ ಹುಡುಗ ಉತ್ತರಿಸಲಿಲ್ಲ. ಜಾಣ, ನಿಷ್ಕಪಟಿ, ಒಂದು ಪೈಸೆಯನ್ನೂ ಕೇಳಿರಲಿಲ್ಲ. ಅಧ್ಯಕ್ಷರಿಗೆ ಅಷ್ಟೇ ಸಾಕಾಗಿತ್ತು. ಪುಕ್ಕಟೆ ಸಿಗುತ್ತದೆ ಎಂದರೆ ಅವರು ಮುಂದಿನದನ್ನು ವಿಚಾರಿಸುವುದೇ ಇಲ್ಲ, ಆ ಸ್ವಭಾವ ನನಗೆ ಹಿಡಿಸದು.

ಆಕೆ ಸುಮ್ಮನೆ ಕೇಳಿದ್ದಲ್ಲ. ಈಗಿರುವುದೂ ಹಿಂದೊಬ್ಬ ಹಿತೈಷಿ ಬರೆದುಕೊಟ್ಟದ್ದೇ. ಕಂಪ್ಯೂಟರ್ ಬದಲಾಯಿಸಿದಾಗ ಹಳೆಯ ಫಾಂಟ್ ಇಲ್ಲದೆ ಪುಸ್ತಕಗಳ ಹೆಸರುಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾದವು. ಅಂದಿನಿಂದ ಆಕೆ ಉದ್ದನೆಯ ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಎರವಲು ಹೋದ ಒಂದೊಂದು ಪುಸ್ತಕವನ್ನೂ ಕೈಯಲ್ಲೇ ಬರೆಯುತ್ತಿದ್ದಾರೆ.

ಹುಡುಗನ ವಾದದಲ್ಲೂ ಹುರುಳಿತ್ತು. 'ಕುವೆಂಪು' ಎಂದು ಹುಡುಕಿದರೆ 'ಕೆ.ವಿ. ಪುಟ್ಟಪ್ಪ' ಎಂದು ದಾಖಲಾದ ಪುಸ್ತಕವೂ ಸಿಗಬೇಕು, ಹೊರಗಿನ ತಂತ್ರಾಂಶಕ್ಕೆ ಇದೆಲ್ಲ ಗೊತ್ತೇ ಎಂದ. ಗೊತ್ತು. ನಾನು ಸೂಚಿಸುವುದು ಗ್ರಂಥಾಲಯಗಳಿಗೆಂದೇ ಇರುವ ಕೋಹಾ ಎಂಬ ತಂತ್ರಾಂಶವನ್ನು. ಕೋಹಾದಲ್ಲಿ ಲೇಖಕರಿಗೇ ಪ್ರತ್ಯೇಕ ದಾಖಲೆ ಇಡಬಹುದು. ಕಾವ್ಯನಾಮ, ನಿಜನಾಮ ಎರಡನ್ನೂ ಅದರಲ್ಲಿ ಸೇರಿಸಬಹುದು. ಬೇರೆ ಹೆಸರಿನಲ್ಲಿ ಬರೆಯುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ, ಗ್ರಂಥಪಾಲಕರು ಈ ತೊಡಕನ್ನು ಎಂದೋ ಬಿಡಿಸಿಟ್ಟಿದ್ದಾರೆ.

ಕೋಹಾ ಕೂಡ ಸ್ವಂತಕ್ಕೆಂದು ಕಟ್ಟಿಸಿಕೊಂಡದ್ದೇ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯಗಳ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಹೊಸದನ್ನು ಬರೆಸಿಕೊಂಡರು, ಅಷ್ಟಕ್ಕೇ ನಿಲ್ಲದೆ ಅದರ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಟ್ಟರು. ಆ ಉದಾರತೆಯನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಯಾರು ನೋಡಿಕೊಳ್ಳುತ್ತಾರೆ ಎಂದರೆ, ಇಂದು ಹಲವು ದೇಶಗಳ ಜನ ಸೇರಿ ಅದನ್ನು ನೋಡಿಕೊಳ್ಳುತ್ತಿದ್ದಾರೆ.

ಹಾಗೆಂದು ಹುಡುಗನನ್ನು ಬರಿಗೈಯಲ್ಲಿ ಕಳಿಸಬಾರದು. ಹಳೆಯ ನಮೂದುಗಳನ್ನೆಲ್ಲ ಯೂನಿಕೋಡಿಗೆ, ಅಂದರೆ ಕಂಪ್ಯೂಟರ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಸಂಕೇತ ಪದ್ಧತಿಗೆ, ತರಬೇಕಿದೆ. ಪರಿವರ್ತಕಗಳು ಸಿದ್ಧವಾಗಿಯೇ ಸಿಗುತ್ತವೆ, ನಿಜ. ಆದರೆ ನಮ್ಮಲ್ಲಿ ಒಂದೇ ಸಾಲಿನಲ್ಲಿ ಪುಸ್ತಕದ ಹೆಸರು ಕನ್ನಡದಲ್ಲಿದ್ದರೆ ಪ್ರಕಾಶಕರ ಹೆಸರು ಇಂಗ್ಲಿಷಿನಲ್ಲಿದೆ. ಇಂಗ್ಲಿಷನ್ನೂ ಹಳೆಯ ಫಾಂಟಿನ ಕನ್ನಡವೆಂದೇ ತಿಳಿದು ಅವು ಕಲಸಿಬಿಡುತ್ತವೆ. ನಮ್ಮದೇ ಈ ಗೋಜಲನ್ನು ಬಿಡಿಸಲು ನಮ್ಮದೇ ಪ್ರೋಗ್ರಾಂ ಬೇಕು. ಅದನ್ನು ಅವನೇ ಬರೆಯಲಿ. ಆ ಕೆಲಸ ಒಮ್ಮೆ ಮುಗಿದರೆ ಅವನು ಯಾವ ಊರಿಗೆ ಹೋದರೂ ವಾಚನಾಲಯ ನಿಲ್ಲುವುದಿಲ್ಲ.

ಅಧ್ಯಕ್ಷರ ಬಳಿ ಮಾತ್ರ ನಾನು ಪಟ್ಟು ಹಿಡಿಯುವುದಿದೆ. ಕೋಹಾ ಪುಕ್ಕಟೆಯೇ, ಆದರೆ ಅದನ್ನು ನಡೆಸುವ ಸರ್ವರ್ ಕಂಪ್ಯೂಟರಿಗೂ ದಾಖಲೆಗಳ ಬ್ಯಾಕಪ್ಪಿಗೂ ವರ್ಷವರ್ಷವೂ ಖರ್ಚಿದೆ. ಗ್ರಂಥಪಾಲಕಿಯ ತರಬೇತಿಯ ದಿನಗಳಿಗೂ ಪೂರ್ತಿ ಸಂಬಳ ಕೊಡಬೇಕು.